ಗುಡ್ಡದ ಮೇಲೆ ಕತ್ತಿ ಇರಲಿಲ್ಲ

ಅಂಗಡಿಯ ಗೋಡೆಯ ಮೇಲೆ ಆ ಮನುಷ್ಯ ಆರು ವರ್ಷಗಳಿಂದ ಸಾಯದೆ ನಿಂತಿದ್ದ.

ಅವನ ಸುತ್ತ ಸಿಪಾಯಿಗಳು ಸತ್ತು ಬಿದ್ದಿದ್ದರು. ಕುದುರೆಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು. ಆ ನೆಲದ ಮೂಲಜನರಾದ ಷಾಯೆನ್ನರು, ಲಕೋಟರು ಬರಿಮೈಯಲ್ಲಿ, ಎಲ್ಲರಿಗೂ ಒಂದೇ ಮುಖ, ಬಾಯಿ ತೆರೆದುಕೊಂಡು ನಾಲ್ಕೂ ಕಡೆಯಿಂದ ನುಗ್ಗುತ್ತಿದ್ದರು. ಅವನೊಬ್ಬ ಮಾತ್ರ ನಡುವೆ ನೆಟ್ಟಗೆ ನಿಂತಿದ್ದ. ಭುಜದ ಮೇಲೆ ಉದ್ದನೆಯ ಹಳದಿ ಕೂದಲು. ಮೈಮೇಲೆ ಕುಚ್ಚಿನ ಅಂಚಿನ ತೊಗಲಂಗಿ. ಎತ್ತಿದ ಕೈಯಲ್ಲಿ ಕತ್ತಿ. ಕೆಳಗೆ, ಸತ್ತ ಕುದುರೆಯ ಕಾಲ ಬಳಿ, ಬಿಯರ್ ಕಂಪನಿಯೊಂದರ ಹೆಸರು.

ಕಂಪನಿ ಆ ಚಿತ್ರವನ್ನು ಸಾವಿರಗಟ್ಟಲೆ ಅಚ್ಚು ಹಾಕಿಸಿ ದೇಶದ ಹೆಂಡದಂಗಡಿಗಳಿಗೆಲ್ಲ ಪುಕ್ಕಟೆ ಹಂಚಿತ್ತು. ಕುಡಿಯುವವರು ತಲೆಯೆತ್ತಿದಾಗಲೆಲ್ಲ ಅವನನ್ನೇ ಕಂಡರು. ಸರ್ಕಾರ ಹೆಂಡ ನಿಲ್ಲಿಸಿದ ಮೇಲೆ ಹಾಗನ್ ಎಂಬವನು ರೈಲುದಾರಿಯ ಊರಿನಲ್ಲಿದ್ದ ತನ್ನ ಹೆಂಡದಂಗಡಿ ಮುಚ್ಚಿ ಷಾಯೆನ್ನರ ಸೀಮೆಗೆ ಬಂದು ದಿನಸಿ ಅಂಗಡಿ ಇಟ್ಟ. ಪೀಪಾಯಿಗಳನ್ನು ಬಿಟ್ಟುಬಂದ. ಚಿತ್ರವನ್ನು ಬಿಡಲಿಲ್ಲ.

ಹುಲ್ಲೆನಡೆ ಎಂಬ ಷಾಯೆನ್ ಮುದುಕಿ ಪ್ರತಿ ಶನಿವಾರ ಸರ್ಕಾರದ ಪಡಿ ತರಲು ಹೋದಾಗ ಅದರ ಮುಂದೆ ನಿಲ್ಲುತ್ತಿದ್ದಳು. ಅವಳಿಗೆ ಅರವತ್ತಾರು ವರ್ಷ. ಸರ್ಕಾರದ ಪಟ್ಟಿಯಲ್ಲಿ ಅವಳು ಆಗ್ನೆಸ್. ಅವಳು ಚಿತ್ರದಲ್ಲಿ ತನ್ನ ಅಣ್ಣನನ್ನು ಹುಡುಕುತ್ತಿದ್ದಳು. ಅಣ್ಣ ಮೂರುಗರಿ ಆ ಚಿತ್ರದ ಯುದ್ಧದಲ್ಲಿ, ಗುಡ್ಡದ ಮೇಲೆ ಗುಂಡು ತಿಂದಾಗ ಅವನಿಗೆ ಇಪ್ಪತ್ತು, ಅವಳಿಗೆ ಹದಿನಾರು. ಆ ನೂರು ಮುಖಗಳಲ್ಲಿ ಒಂದಾದರೂ ಅವನದಾಗಿರಬೇಕಲ್ಲ? ಒಮ್ಮೆ ಮೂಲೆಯಲ್ಲಿದ್ದ ಒಬ್ಬನ ಭುಜ ಅವನದರಂತೆ ಕಂಡು ಬೆರಳಿಟ್ಟು ನೋಡಿದಳು. ಹಾಗನ್ ಓಡಿಬಂದು ಅವಳ ಕೈ ತಳ್ಳಿದ. ಬೆರಳು ತಾಕಿದ ಗಾಜನ್ನು ಅವಳ ಎದುರಿಗೇ ಬಟ್ಟೆಯಿಂದ ಉಜ್ಜಿದ. ಎರಡು ಸಲ ಉಜ್ಜಿದ.

ಆ ಹಳದಿಗೂದಲಿನವನ ಮೇಲೆ ಅವಳಿಗೆ ದ್ವೇಷವಿರಲಿಲ್ಲ. ದ್ವೇಷ ಎಂದೋ ಸವೆದುಹೋಗಿತ್ತು. ಇದ್ದದ್ದು ಹೊಟ್ಟೆಕಿಚ್ಚು. ಬಿಳಿಯರ ದಂಡನಾಯಕನಾದರೂ ಅವನು ಸೋತವನು. ಅವನ ಜೊತೆ ಬಂದವರಲ್ಲಿ ಒಬ್ಬನೂ ಉಳಿಯದ ಹಾಗೆ ಸೋತವನು. ಸೋತವನಿಗೆ ಹೆಸರು ಕೊರೆದ ಬಿಳಿಕಲ್ಲು. ಅವನ ಸಿಪಾಯಿ ಬಿದ್ದಲ್ಲೆಲ್ಲ ಒಂದೊಂದು ಬಿಳಿಕಲ್ಲು. ವರ್ಷಕ್ಕೊಮ್ಮೆ ತುತ್ತೂರಿ. ಅವನ ಹೆಂಡತಿ ಇನ್ನೂ ಬದುಕಿದ್ದಾಳಂತೆ. ಗಂಡನ ಮೇಲೆ ಪುಸ್ತಕ ಬರೆದಿದ್ದಾಳಂತೆ. ಜನ ಕುಳಿತು ಅವಳ ಮಾತು ಕೇಳುತ್ತಾರಂತೆ. ಗೆದ್ದ ಅಣ್ಣನಿಗೆ ಇದ್ದದ್ದು ಅವನು ಗುಂಡು ತಿಂದ ಜಾಗದ ಹುಲ್ಲಿನಲ್ಲಿ ಒಂದು ಕಲ್ಲುಗುಪ್ಪೆ. ಆ ಗುಪ್ಪೆ ಯಾರದೆಂದು ಅವಳಿಗೆ ಗೊತ್ತು, ಅಣ್ಣನ ಜೊತೆ ಕಾದಾಡಿದ ಎಡಗೈ ಕರಡಿಗೆ ಗೊತ್ತು. ಅವರಿಬ್ಬರೂ ಹೋದರೆ ಅದು ಬರಿ ಕಲ್ಲು.

ಅಣ್ಣನ ಹೆಸರೆತ್ತಿ ಜೋರಾಗಿ ಅಳಲೂ ಐವತ್ತು ವರ್ಷ ಹೆದರಿಕೆ. ಆ ದಿನ ಗುಡ್ಡದ ಮೇಲೆ ಇದ್ದೆ ಎಂದವನನ್ನು ಹಿಡಿದುಕೊಂಡು ಹೋಗುತ್ತಾರೆಂದು ಎಲ್ಲರೂ ಬಾಯಿ ಹೊಲಿದುಕೊಂಡಿದ್ದರು. "ಮಹೇಓ, ಸತ್ತವನ ಮೇಲೆ ಕಿಚ್ಚುಪಡುತ್ತೇನೆ. ಮನ್ನಿಸು," ಎಂದು ಅವಳು ದೇವರಲ್ಲಿ ಬೇಡಿಕೊಳ್ಳುತ್ತಿದ್ದಳು. ಬೇಡಿಕೊಂಡು ಮತ್ತೆ ಶನಿವಾರ ಅದೇ ಗೋಡೆಯ ಮುಂದೆ ನಿಲ್ಲುತ್ತಿದ್ದಳು.

ಆ ವರ್ಷ, ಹಿಮ ಕರಗುವ ಹೊತ್ತಿಗೆ, ಹಾಗನ್ ಅವಳನ್ನು ಒಳಗೆ ಕರೆಸಿದ. ಇಬ್ಬರ ಮಾತನ್ನೂ ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸಲು ಅವಳ ಮೊಮ್ಮಗಳು ರೊಸಾಲಿಯಾ ಇದ್ದಳು. ಅವಳು ಮಿಷನ್ ಶಾಲೆಯಲ್ಲಿ ಓದಿ ಬಂದು ಅದೇ ಅಂಗಡಿಯ ನೆಲ ತೊಳೆಯುತ್ತಿದ್ದಳು.

"ಅಜ್ಜಿಗೆ ಹೇಳು. ಈ ಜೂನ್‌ಗೆ ಆ ಯುದ್ಧಕ್ಕೆ ಐವತ್ತು ವರ್ಷ ತುಂಬುತ್ತೆ. ಗುಡ್ಡದ ಮೇಲೆ ದೊಡ್ಡ ಆಟ ಇಟ್ಟಿದೀವಿ. ರೈಲು ತುಂಬ ಜನ ಬರ್ತಾರೆ. ದಂಡನಾಯಕನ ವೇಷ ಹಾಕೋನಿಗೆ ಈ ಅಂಗಿ ಬೇಕು. ಇದೇ ಥರ. ಎದೆ ಮೇಲೆ ನಿಮ್ಮ ಮುಳ್ಳುಹಂದಿ ಮುಳ್ಳಿನ ಕಸೂತಿ ಹಾಕಲಿ."

ಹುಲ್ಲೆನಡೆ ಚಿತ್ರ ನೋಡಿದಳು. "ಇದರಲ್ಲಿ ಕಸೂತಿ ಎಲ್ಲಿದೆ?"

"ಇಲ್ಲ. ಇದ್ರೆ ಇನ್ನೂ ಚೆಂದ ಅಲ್ವಾ?"

"ಬೇರೆ ಯಾರ ಹತ್ರನಾದ್ರೂ ಹೊಲಿಸ್ಕೋ ಅನ್ನು. ನನ್ನ ಕೈಲಿ ಆಗಲ್ಲ."

ಹಾಗನ್ ನಕ್ಕ. ಅವನು ಎಲ್ಲ ವಿಚಾರಿಸಿಕೊಂಡೇ ಕರೆಸಿದ್ದ. "ನಿನ್ನ ಅಣ್ಣ ಅಲ್ಲೇ ಬಿದ್ದದ್ದಂತಲ್ಲ? ಅವನಿಗೊಂದು ಹಲಗೆ ಹಾಕಿಸ್ತೀನಿ. ಬಿಳಿ ಬಣ್ಣ, ಕಪ್ಪು ಅಕ್ಷರ. ಹೆಸರು ಬರೆಸ್ತೀನಿ. ನಿಮ್ಮ ಜನದಲ್ಲಿ ಇನ್ಯಾರಿಗಿದೆ ಹೇಳು?"

ರೊಸಾಲಿಯಾ ತಿರುಗಿಸಿ ಹೇಳಿದಳು. ಹೆಸರು ಎಂಬ ಮಾತು ಬಂದಾಗ ಮುದುಕಿ ಅದನ್ನು ಇನ್ನೊಮ್ಮೆ ಹೇಳಿಸಿದಳು.

"ಎಷ್ಟು ದಿನದಲ್ಲಿ ಬೇಕಂತೆ ಅಂಗಿ?" ಎಂದಳು.

ಷಾಯೆನ್ ಹೆಣ್ಣು ಅಣ್ಣನ ಜೊತೆ ಮಾತಾಡುವಂತಿಲ್ಲ. ಇಬ್ಬರೂ ದೊಡ್ಡವರಾದ ಮೇಲೆ ಮುಖ ಕೊಟ್ಟು ನೋಡುವಂತಿಲ್ಲ. ಅದು ಮರ್ಯಾದೆ. ಅವಳು ಅವನಿಗಾಗಿ ಹೊಲಿಯಬಹುದು, ಅಷ್ಟೇ. ಕಾಲ್ಮೆಟ್ಟು ಹೊಲಿದು ಅವನ ಗುಡಾರದ ಬಾಗಿಲಲ್ಲಿ ಇಟ್ಟುಬರಬೇಕು. ಅವನು ಅದನ್ನು ಮೆಟ್ಟಿ ಓಡಾಡಿದರೆ ಅದೇ ಅವನ ಉತ್ತರ. ಮೂರುಗರಿಗಾಗಿ ಅವಳು ತಾನೇ ಕಂಡುಕೊಂಡ ಕಸೂತಿಯ ಒಂದು ಸಾಲು ಇತ್ತು: ನಾಲ್ಕು ಕೆಂಪು, ಒಂದು ಕಪ್ಪು, ನಾಲ್ಕು ಕೆಂಪು, ನಡುವೆ ಹಕ್ಕಿ ಹೆಜ್ಜೆಯಂಥ ಮೂರು ಗೀಟು. ಅದನ್ನು ಬೇರೆ ಯಾರಿಗೂ ಹಾಕಿದವಳಲ್ಲ. ಅವನು ಸತ್ತ ಮೇಲೆ ತನ್ನ ಜಡೆ ಕೊಯ್ದುಕೊಂಡಳು, ಮೀನಖಂಡ ಸೀಳಿಕೊಂಡಳು. ಆ ಸಾಲನ್ನು ಮತ್ತೆ ಹೊಲಿಯಲಿಲ್ಲ.

ಈಗ ಸೋತವನಿಗೆ ಅಂಗಿ. ತನಗೆ ಯಾರೂ ಅಲ್ಲದವನಿಗೆ ತಂಗಿಯ ಕೈಕೆಲಸ.

ಮೂರು ಜಿಂಕೆ ತೊಗಲು ಬಂತು. ಅವಳು ಮಂಡಿಯೂರಿ ಕುಳಿತು ಮೂಳೆಯಲಗಿನಿಂದ ಮಾಂಸ ಹೆರೆದಳು. ಕೂದಲು ಹೆರೆದಳು. ತೊಗಲು ಹದವಾಗಲು ಜಿಂಕೆಯ ಮೆದುಳು ಕಲಸಿ ಹಚ್ಚಿ, ನೆನೆಸಿ, ಹಿಂಡಿ, ಒಣಗುವ ತನಕ ಎರಡೂ ಕೈಯಲ್ಲಿ ಎಳೆದಳು. ಎಳೆಯುವುದು ನಿಲ್ಲಿಸಿದರೆ ತೊಗಲು ಹಲಗೆಯಾಗುತ್ತದೆ. ಭುಜದ ಕೀಲು ಕಳಚಿದಂತಾಯಿತು. ಕೊಳೆತ ಮರದ ಹೊಗೆ ಕೊಟ್ಟಳು, ಕಣ್ಣು ಊದಿಕೊಂಡವು. ಮುಳ್ಳುಹಂದಿಯ ಮುಳ್ಳುಗಳನ್ನು ಬಾಯಲ್ಲಿಟ್ಟು ನೆನೆಸಿ, ಉಳಿದಿದ್ದ ಆರು ಹಲ್ಲಿನ ನಡುವೆ ಎಳೆದು ಚಪ್ಪಟೆ ಮಾಡಿದಳು. ವಸಡಿನಿಂದ ರಕ್ತ ಬಂತು. ಉಗುಳಿ ಮತ್ತೆ ಬಾಯಿಗಿಟ್ಟಳು.

ಅವಳು ಮುಳ್ಳುಕಸೂತಿಯವರ ಕೂಟಕ್ಕೆ ಸೇರಿದವಳು. ಆ ಹೆಂಗಸರು ಹರಕೆ ಹೊತ್ತು ಹೊಲಿಯುತ್ತಾರೆ, ದೇವರ ಹೆಸರು ಹೇಳಿ ಮೊದಲ ಮುಳ್ಳು ಕೂರಿಸುತ್ತಾರೆ. ಗಂಡಸರು ಯುದ್ಧದಲ್ಲಿ ಮಾಡಿದ್ದನ್ನು ಎದ್ದುನಿಂತು ಎಣಿಸಿ ಹೇಳುವಂತೆ ಅವರು ತಾವು ಹೊಲಿದದ್ದನ್ನು ಎಣಿಸಿ ಹೇಳುತ್ತಾರೆ. ಈ ಅಂಗಿಗೂ ಅವಳು ಹಾಗೆಯೇ ಮೊದಲ ಮುಳ್ಳು ಕೂರಿಸಿದ್ದಳು. ಕಳಪೆ ಕೆಲಸ ಮಾಡಲು ಅವಳ ಕೈಗೆ ಬರುತ್ತಿರಲಿಲ್ಲ. ಅದೇ ಸಂಕಟ. ಅಂಗಿ ದಿನದಿಂದ ದಿನಕ್ಕೆ ಚೆಂದವಾಗುತ್ತಿತ್ತು. ಅಣ್ಣನಿಗೆ ಹೊಲಿದ ಯಾವುದೂ ಇಷ್ಟು ಚೆಂದವಿರಲಿಲ್ಲ. ಆಗ ಅವಳ ಕೈ ಎಳೆಯದು. ಐವತ್ತು ವರ್ಷದ ಪಳಗಿದ ಕೈ ಈಗ ಈ ಸೋತವನ ಪಾಲಾಗಿತ್ತು. ನೋಡಿಕೊಂಡು ಹೊಲಿಯಲೆಂದು ಹಾಗನ್ ಅವಳಿಗೆ ಚಿತ್ರದ ಒಂದು ಕಾಗದದ ಪ್ರತಿ ಕೊಟ್ಟಿದ್ದ. ಎದುರು ಗೋಡೆಯಿಂದ ಹಳದಿಗೂದಲಿನವನು ಕತ್ತಿ ಎತ್ತಿಕೊಂಡು ತನ್ನ ಅಂಗಿ ಎಲ್ಲಿಗೆ ಬಂತೆಂದು ನೋಡುತ್ತಿದ್ದ.

ಎದೆಯ ಮೇಲೆ ಹನ್ನೆರಡು ಸಾಲು. ಹಳದಿ, ಬಿಳಿ, ಹಳದಿ. ಹನ್ನೆರಡೂ ಮುಗಿದ ದಿನ ರೊಸಾಲಿಯಾ ಅಂಗಿಯನ್ನು ಬೆಳಕಿಗೆ ಹಿಡಿದಳು.

"ಅಜ್ಜಿ, ಈ ಏಳನೇ ಸಾಲು ಬೇರೆ ಥರ ಇದೆಯಲ್ಲ?"

ಹುಲ್ಲೆನಡೆ ನೋಡಿದಳು. ನಾಲ್ಕು ಕೆಂಪು, ಒಂದು ಕಪ್ಪು, ನಾಲ್ಕು ಕೆಂಪು. ನಡುವೆ ಹಕ್ಕಿ ಹೆಜ್ಜೆ. ಯಾವಾಗ ಹೊಲಿದಳೋ ಅವಳಿಗೇ ಗೊತ್ತಿರಲಿಲ್ಲ. ಕಣ್ಣು ಗೋಡೆಯ ಮೇಲಿತ್ತು. ಕೈ ತಾನೇ ಹೋಗಿತ್ತು.

"ಬಿಚ್ಚಿ ಮತ್ತೆ ಹಾಕು, ಅಜ್ಜಿ."

"ಬಿಚ್ಚೋ ಹಾಗಿಲ್ಲ, ಮಗಾ."

ಬಿಚ್ಚುವ ಹಾಗಿರಲಿಲ್ಲ. ಹರಕೆಯ ಕೆಲಸದಲ್ಲಿ ಸಾಲು ತಪ್ಪಿದರೆ ಹೊಲಿದವಳು ಅದನ್ನು ಮುಟ್ಟಬಾರದು. ಯುದ್ಧದಲ್ಲಿ ಶತ್ರುವಿನ ನೆತ್ತಿಗೂದಲನ್ನು ತೊಗಲು ಸಮೇತ ಕೊಯ್ದ ಗಂಡಸೊಬ್ಬ ಬರಬೇಕು. ತಾನು ಮಾಡಿದ್ದನ್ನು ಪವಿತ್ರ ಬಾಣಗಳ ಮೇಲೆ ಆಣೆಯಿಟ್ಟು ಇದ್ದದ್ದು ಇದ್ದ ಹಾಗೆ ಹೇಳಬೇಕು. "ಹೀಗೆ ಕೊಯ್ದೆ" ಎಂದು ತಪ್ಪಿದ ಸಾಲನ್ನು ಚಾಕುವಿನಿಂದ ಕೊಯ್ಯಬೇಕು. ಸುಳ್ಳು ಹೇಳಿದರೆ ಅವನ ಮನೆ ಹಾಳು, ಅವಳ ಮನೆ ಹಾಳು. ಅಂಥ ಗಂಡಸರಲ್ಲಿ ಅವಳಿದ್ದ ಹಳ್ಳದ ಸುತ್ತ ಉಳಿದಿದ್ದವನು ಎಡಗೈ ಕರಡಿ ಒಬ್ಬನೇ. ಅಣ್ಣನ ಗೆಳೆಯ. ಐವತ್ತು ವರ್ಷದಲ್ಲಿ ಒಮ್ಮೆಯೂ ಅವಳ ಮನೆ ಹೊಸಲು ತುಳಿಯದವನು.

ಆಟಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಹಾಗನ್ ಮೋಟಾರಿನಲ್ಲಿ ಬಂದ. ಅಂಗಿ ನೋಡಿ ಸಿಳ್ಳೆ ಹಾಕಿದ. ಮೋಟಾರಿನಿಂದ ಹಲಗೆ ಇಳಿಸಿ ಗೋಡೆಗೆ ಒರಗಿಸಿದ. ಬಿಳಿ ಬಣ್ಣ, ಕಪ್ಪು ಅಕ್ಷರ. ಕೊಟ್ಟ ಮಾತಿನಂತೆಯೇ ಇತ್ತು.

"ಓದು, ಮಗಾ," ಎಂದಳು ಹುಲ್ಲೆನಡೆ.

ರೊಸಾಲಿಯಾ ಮೊದಲು ಮನಸ್ಸಿನಲ್ಲಿ ಓದಿಕೊಂಡಳು. "ಮೂರುಗರಿ ಅಂತ ಇದೆ, ಅಜ್ಜಿ. ಷಾಯೆನ್ ಅಂತ ಇದೆ."

"ಪೂರ್ತಿ ಓದು."

"ದಂಡನಾಯಕನ ಕತ್ತಿಯ ಏಟಿಗೆ ಮೂರುಗರಿ ಎಂಬ ಷಾಯೆನ್ ಇಲ್ಲಿ ಬಿದ್ದನು."

"ಯಾವ ಕತ್ತಿ?"

ಹಾಗನ್ ಗೋಡೆಯ ಮೇಲಿದ್ದ ಕಾಗದ ತೋರಿಸಿದ. "ಅದೇ ಕತ್ತಿ. ಜನಕ್ಕೆ ಗೊತ್ತಿರೋದು ಆ ಚಿತ್ರ ತಾನೇ? ಬರೀ ಹೆಸರು ಬರೆದ್ರೆ ಯಾರು ನಿಂತು ಓದ್ತಾರೆ? ಹೀಗೆ ಬರೆದ್ರೆ ನಿನ್ನ ಅಣ್ಣನೂ ಚಿತ್ರದ ಒಳಗೆ ಸೇರ್ಕೊಂಡ ಹಾಗೆ. ಜನ ಫೋಟೋ ತೆಗೆಸ್ಕೋತಾರೆ."

ಹುಲ್ಲೆನಡೆ ಹಲಗೆಯ ಮೇಲೆ ಕೈಯಾಡಿಸಿದಳು. ಬಣ್ಣ ಇನ್ನೂ ಅಂಟಂಟಾಗಿತ್ತು. ಅಣ್ಣ ಕತ್ತಿಯಿಂದ ಸಾಯಲಿಲ್ಲ ಎಂದು ಅವಳಿಗೆ ಗೊತ್ತು. ಆದರೂ ಹೆಸರು ಹೆಸರೇ. ಬಿಳಿಕಲ್ಲುಗಳ ನಡುವೆ ಒಂದು ಬಿಳಿ ಹಲಗೆ. ಆ ದಂಡನಾಯಕನ ಹೆಂಡತಿಗೆ ಇರುವುದು ತನಗೂ ಇರಲಿ. ಒಂದು ಸುಳ್ಳು ತಾನೇ? ಬಿಳಿಯರು ಎಷ್ಟೊಂದು ಸುಳ್ಳಿನ ಮೇಲೆ ನಿಂತಿಲ್ಲ?

"ಇರಲಿ," ಎಂದಳು. ಬೆರಳಿಗೆ ಅಂಟಿದ ಬಣ್ಣ ಒರೆಸಿಕೊಂಡಳು. "ಆದ್ರೆ ಅಂಗಿ ಇನ್ನೂ ಕೊಡೋ ಹಾಗಿಲ್ಲ. ಒಂದು ಸಾಲು ತಪ್ಪಿದೆ. ಎಡಗೈ ಕರಡಿ ಬಂದು ಕೊಯ್ಯಬೇಕು."

ಹಾಗನ್ ಜೇಬಿನಿಂದ ಕತ್ತರಿ ತೆಗೆದ. "ಇದಕ್ಕೆ ಅವನ್ಯಾಕೆ? ಕೊಡು ಇಲ್ಲಿ."

ಅವಳು ಅಂಗಿಯನ್ನು ಮಡಿಲಿಗೆ ಎಳೆದುಕೊಂಡಳು. "ಅವನು ಬರದೆ ಇದು ಈ ಮನೆ ದಾಟಲ್ಲ."

ಹಾಗನ್ ಗೊಣಗುತ್ತ ಮೋಟಾರು ತಿರುಗಿಸಿದ. ಹಳ್ಳದ ಮೇಲಿನ ಗುಡಿಸಲಿನಿಂದ ಮುದುಕನನ್ನು ಕೂರಿಸಿಕೊಂಡು ಬಂದ. ಎಡಗೈ ಕರಡಿಗೆ ಎಪ್ಪತ್ತೆರಡು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದು ಅರ್ಧ. ಇಳಿಯುವಾಗ ಮೋಟಾರಿನ ಬೆನ್ನು ತಟ್ಟಿದ.

"ಕುದುರೆ ಪರವಾಗಿಲ್ಲ. ಹೂಸು ಮಾತ್ರ ಜಾಸ್ತಿ," ಎಂದ. ಹೊಸಲಿನ ಹೊರಗೆ ನಿಂತ. "ಹುಲ್ಲೆ, ಇನ್ನೂ ಸತ್ತಿಲ್ವೇನೇ ನೀನು?"

"ನಿನ್ನ ದಾರಿ ಕಾಯ್ತಿದ್ದೆ. ಒಳಗೆ ಬಾ, ಕುರುಡ. ಕಾಫಿ ಇದೆ."

"ಸಕ್ಕರೆ ಹಾಕಿದೀಯಾ?"

"ನಿನ್ನ ನಾಲಗೆಗೆ ಎಷ್ಟು ಹಾಕಿದ್ರೂ ಸಾಲಲ್ಲ."

ಅವನು ನಗಲಿಲ್ಲ. ಬಲಗಾಲಿಟ್ಟು ನಿಧಾನವಾಗಿ ಒಳಗೆ ಬಂದ. ನೆಲದ ಮೇಲೆ ಕುಳಿತು ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡ. ಎದೆಯ ಸಾಲುಗಳ ಮೇಲೆ ಬೆರಳು ಓಡಿಸಿದ. ಒಂದು, ಎರಡು, ಮೂರು. ಏಳನೆಯದಕ್ಕೆ ಬೆರಳು ನಿಂತಿತು. ಹಿಂದೆ ಹೋಯಿತು. ಮತ್ತೆ ಬಂತು.

"ಇದು ಅವನ ಮೆಟ್ಟಿನ ಮೇಲಿತ್ತು," ಎಂದ.

ಹುಲ್ಲೆನಡೆ ಕಾಫಿಯನ್ನು ಅವನ ಪಕ್ಕಕ್ಕೆ ಸರಿಸಿದಳು.

"ಬೇಗ ಮುಗಿಸಲಿ ಅನ್ನು," ಎಂದ ಹಾಗನ್.

ಮುದುಕ ಚಾಕು ತೆಗೆದು ಮುಂದಿಟ್ಟುಕೊಂಡ. ಅಂಗೈಯನ್ನು ನೆಲಕ್ಕೆ ಒತ್ತಿ, ಆಮೇಲೆ ಮೇಲಕ್ಕೆತ್ತಿದ. "ಬಾಣಗಳೇ, ಕೇಳಿ. ಐವತ್ತು ವರ್ಷದಿಂದ ಹೇಳಿಲ್ಲ. ಹೇಳಿದ್ರೆ ಎಳ್ಕೊಂಡು ಹೋಗ್ತಾರೆ ಅಂತ ಭಯ ಇತ್ತು. ಈಗ ಎಳೆದ್ರೂ ಎಷ್ಟು ದೂರ ಎಳೀತಾರೆ? ಆ ದಿನ ಆ ಗುಡ್ಡದ ಮೇಲೆ ಬರೀ ಧೂಳು. ನಾನು ಒಬ್ಬನನ್ನು ಹೊಡೆದೆ. ಅವನಿನ್ನೂ ಮೀಸೆ ಬಾರದ ಸಿಪಾಯಿ. ಬಂದೂಕು ಬಿಸಾಕಿ ಕೈ ಎತ್ತಿದ. ಏನೋ ಹೇಳಿದ, ನನಗೆ ತಿಳೀಲಿಲ್ಲ. ನಾನೂ ಹೆದರಿದ್ದೆ. ಹೊಡೆದೆ. ಕೊಯ್ದೆ. ಕೂದಲು ಇಷ್ಟೇ ಇತ್ತು, ಹಿಡಿಯೋಕೂ ಸಿಗಲಿಲ್ಲ."

ರೊಸಾಲಿಯಾ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಹಾಗನ್ ಕಣ್ಣರಳಿಸಿ ಕೇಳುತ್ತಿದ್ದ. "ದಂಡನಾಯಕನ ಕತ್ತಿ ವಿಷಯ ಕೇಳು," ಎಂದ.

"ಯಾವ ಕತ್ತಿ?" ಎಂದ ಮುದುಕ. "ಆ ಗುಡ್ಡದ ಮೇಲೆ ಕತ್ತಿ ಇರಲಿಲ್ಲ. ಒಂದೂ ಇರಲಿಲ್ಲ. ಉದ್ದ ಕೂದಲೂ ಇರಲಿಲ್ಲ. ಉದ್ದ ಕೂದಲಿದ್ದದ್ದು ನಮಗೆ. ಯಾವನು ನಾಯಕ, ಯಾವನು ಅಡಿಗೆಯವನು ಅಂತ ಯಾರಿಗೆ ಕಾಣ್ತಿತ್ತು? ನೆಟ್ಟಗೆ ನಿಂತೋನು ಅಂತ ನಾನಂತೂ ಯಾರನ್ನೂ ಕಾಣಲಿಲ್ಲ. ಎಲ್ಲ ಸತ್ತ ಕುದುರೆ ಹಿಂದೆ ಮಲಗಿದ್ರು. ನಾವೂ ಹುಲ್ಲಲ್ಲಿ ಮಲಗಿದ್ವಿ."

ಅವನು ಹುಲ್ಲೆನಡೆಯ ಕಡೆ ತಿರುಗಿದ. ಕುರುಡು ಕಣ್ಣು ಅವಳ ಭುಜದಾಚೆ ಎಲ್ಲೋ ನೋಡುತ್ತಿತ್ತು.

"ಮೂರುಗರಿ ನನ್ನ ಪಕ್ಕದಲ್ಲಿದ್ದ. ತಲೆ ಎತ್ತಿದ. ಹೊಟ್ಟೆಗೆ ಗುಂಡು ಬಿತ್ತು. ಯಾರದ್ದೋ ಗೊತ್ತಿಲ್ಲ. ಹೊಳೆ ದಾಟಿಸಿ ಗುಡಾರಕ್ಕೆ ತಂದ್ವಿ. ಹೊತ್ತು ಮುಳುಗೋ ತನಕ ಇದ್ದ. ಹುಲ್ಲೆ, ಅವನು ನಿನ್ನ ಕರೆದ. ಹೆಸರು ಹಿಡಿದು ಕರೆದ. ತಂಗಿ ನೀರು ತರಲಿ ಅಂದ. ಮೂರು ಸಲ ಅಂದ. ನಾನು ಅವನ ಬಾಯಿ ಮುಚ್ಚಿದೆ. ತಂಗಿ ಹೆಸರು ಕರೀಬಾರದು ಕಣೋ ಅಂತ ಬೈದೆ. ನನಗೆ ಇಪ್ಪತ್ತೆರಡು. ಮರ್ಯಾದೆ ದೊಡ್ಡದು ಅಂದ್ಕೊಂಡಿದ್ದೆ."

ಹುಲ್ಲೆನಡೆ ಅವನ ತೊಡೆಯ ಮೇಲಿದ್ದ ಅಂಗಿಯ ಅಂಚು ಹಿಡಿದಳು.

"ನಾನು ಹೊರಗೇ ಇದ್ದೆ," ಎಂದಳು. "ಬಾಗಿಲ ಹತ್ರ. ಕೈಲಿ ನೀರಿತ್ತು. ಊರೆಲ್ಲ ಅಳ್ತಿತ್ತು. ನನಗೆ ಕೇಳಿಸಲಿಲ್ಲ."

"ನಿನ್ನ ನೆರಳು ಗುಡಾರದ ತೊಗಲ ಮೇಲೆ ಬಿದ್ದಿತ್ತು. ನಾನು ನೋಡ್ತಿದ್ದೆ. ಅದಕ್ಕೇ ಈ ಮನೆಗೆ ಬರಲಿಲ್ಲ."

"ಏನಂತೆ?" ಎಂದ ಹಾಗನ್. ರೊಸಾಲಿಯಾ ತಿರುಗಿಸಲಿಲ್ಲ. ಮುಖ ಒರೆಸಿಕೊಂಡಳು. ಆಮೇಲೆ ಎಲ್ಲವನ್ನೂ, ಕತ್ತಿಯಿಂದ ನೀರಿನ ತನಕ, ಒಂದೂ ಬಿಡದೆ ತಿರುಗಿಸಿದಳು. ಹಾಗನ್ ಕಾಲು ಬದಲಿಸಿದ. "ಅದೆಲ್ಲ ಹಲಗೆ ಮೇಲೆ ಹಿಡಿಸಲ್ಲ. ಆ ಸಾಲು ಕೊಯ್ದು ಅಂಗಿ ಕೊಡೋಕೆ ಹೇಳು."

ಎಡಗೈ ಕರಡಿ ಚಾಕು ಎತ್ತಿದ. "ಹುಲ್ಲೆ, ನನ್ನ ಮಾತು ಆಯ್ತು. ಇನ್ನು ನಿನ್ನದು. ಯಾವ ಸಾಲು ತಪ್ಪು ಹೇಳು. ಒಂದೇ ಸಲ ಕೊಯ್ಯೋದು."

ಹುಲ್ಲೆನಡೆ ಹಲಗೆ ನೋಡಿದಳು. ಓದಲು ಬಾರದಿದ್ದರೂ ಅಣ್ಣನ ಹೆಸರು ಯಾವುದೆಂದು ಈಗ ಗೊತ್ತಿತ್ತು. ಚೆಂದವಾಗಿತ್ತು. ಬೇಕಾಗಿತ್ತು. ಗೋಡೆಯ ಮೇಲೆ ದಂಡನಾಯಕ ಕತ್ತಿ ಎತ್ತಿ ಕಾಯುತ್ತಿದ್ದ. ಅವನಿಗೆ ಇಡೀ ದೇಶದ ಗೋಡೆಗಳಿದ್ದವು. ಸಾಲದೆ ಅವಳ ಕೈ ಬಂತು. ಸಾಲದೆ ಈಗ ನೀರು ಕೇಳಿಕೊಂಡು ಸತ್ತ ಅಣ್ಣನ ಸಾವೂ ಅವನಿಗೇ ಬೇಕು.

"ಏಳನೇದು ಸರಿಯಿದೆ," ಎಂದಳು. "ಉಳಿದದ್ದೆಲ್ಲ ತಪ್ಪು. ಕೊಯ್ಯಿ."

"ಹನ್ನೊಂದು ಸಾಲು ಕಣೇ. ನಿನ್ನ ಹಲ್ಲು ಹೋಗಿದೆ ಇದರಲ್ಲಿ."

"ಕೊಯ್ಯಿ ಅಂದೆ."

"ಹೀಗೆ ಕೊಯ್ದೆ," ಎಂದ ಮುದುಕ. ಹಳದಿ ಮುಳ್ಳುಗಳು ನೆಲಕ್ಕೆ ಉದುರಿದವು. "ಹೀಗೆ ಕೊಯ್ದೆ." ಬಿಳಿಯವು ಉದುರಿದವು. ಹಾಗನ್ ಕೂಗಿಕೊಂಡು ಮುಂದೆ ಬಂದ. ರೊಸಾಲಿಯಾ ಅಡ್ಡ ನಿಂತಳು. ಅವನ ಅಂಗಡಿಯ ನೆಲ ತೊಳೆಯುವ ಕೈಯನ್ನು ಅವನ ಎದೆಗೆ ಅಡ್ಡವಿಟ್ಟಳು. ಹನ್ನೊಂದು ಸಲ ಮುದುಕ ಹೇಳಿದ. ಹನ್ನೊಂದು ಸಲ ಕೊಯ್ದ.

"ಹಲಗೆ ಒಲೆಗೆ ಹೋಗುತ್ತೆ!" ಎಂದು ಕಿರುಚಿದ ಹಾಗನ್. "ಪಡಿ ಹೇಗೆ ತಗೋತೀರೋ ನಾನೂ ನೋಡ್ತೀನಿ. ಸರ್ಕಾರದ ಸಾಹೇಬರಿಗೆ ಹೇಳ್ತೀನಿ, ಇವನು ಕೊಂದೆ ಅಂತ ಒಪ್ಕೊಂಡಿದಾನೆ!"

"ಹೇಳು ಅವನಿಗೆ," ಎಂದಳು ಹುಲ್ಲೆನಡೆ, ಕುಳಿತಲ್ಲಿಂದ ಏಳದೆ. "ಹಲಗೆ ಒಲೆಗೆ ಹಾಕ್ಕೊಳ್ಳಲಿ. ಈ ಅಂಗಿ ನನ್ನ ಅಣ್ಣನದು. ಅವರ ದಂಡನಾಯಕನಿಗೆ ಚಿತ್ರ ಇದೆಯಲ್ಲ, ಅದನ್ನೇ ಹೊದ್ದುಕೊಳ್ಳಲಿ."

ಹಾಗನ್ ಹಲಗೆಯನ್ನು ಮೋಟಾರಿಗೆ ಎಸೆದ. ಗೋಡೆಯ ಕಾಗದವನ್ನು ಮಾತ್ರ ಜೋಪಾನವಾಗಿ ಸುರುಳಿ ಸುತ್ತಿಕೊಂಡು ಹೋದ.

ಆಟದ ದಿನ ಬಿಸಿಲು ಸುಡುತ್ತಿತ್ತು. ಬಿಳಿಯರು ಲಿಟಲ್ ಬಿಗ್‌ಹಾರ್ನ್ ಎನ್ನುವ ಕುರಿಹೊಳೆಯ ಮೇಲಿನ ಗುಡ್ಡದಲ್ಲಿ ಜನ ಕೊಡೆ ಹಿಡಿದು ಕುಳಿತಿದ್ದರು. ಕುದುರೆಬಾಲದ ಕೂದಲು ಅಂಟಿಸಿಕೊಂಡವನೊಬ್ಬ ಪೇಟೆಯಿಂದ ತಂದ ಕೋಟು ತೊಟ್ಟು, ಕತ್ತಿ ಎತ್ತಿ ನಡುವೆ ನಿಂತಿದ್ದ. ಸುತ್ತ ದಿನಗೂಲಿಯ ಷಾಯೆನ್ ಗಂಡಸರು ಹೇಳಿಕೊಟ್ಟಂತೆ ಬಾಯಿ ತೆರೆದು ಅರಚುತ್ತಿದ್ದರು. ಖಾಲಿ ತೋಟಾ ಸಿಡಿಯುತ್ತಿತ್ತು.

ಹುಲ್ಲೆನಡೆ ಆ ಕಡೆ ಹೋಗಲಿಲ್ಲ. ಅರ್ಧ ಮೈಲಿ ಆಚೆ, ಇಳಿಜಾರಿನ ಹುಲ್ಲಿನಲ್ಲಿ ಕಲ್ಲುಗುಪ್ಪೆಯ ಮುಂದೆ ಮಂಡಿಯೂರಿದಳು. ಎಡಗೈ ಕರಡಿ ರೊಸಾಲಿಯಾಳ ಕೈ ಹಿಡಿದು ದೂರದಲ್ಲೇ ನಿಂತ. ಅವಳು ಒಂದೊಂದೇ ಕಲ್ಲು ತೆಗೆದಳು. ಅಂಗಿಯನ್ನು ಏಳನೆಯ ಸಾಲು ಮೇಲೆ ಬರುವಂತೆ ಮಡಿಸಿ ಒಳಗಿಟ್ಟಳು. ಒಂದೊಂದೇ ಕಲ್ಲು ಮತ್ತೆ ಪೇರಿಸಿದಳು. ಆ ತುದಿಯಲ್ಲಿ ದಂಡನಾಯಕನ ವೇಷದವನು ಬಿದ್ದನೋ ಏನೋ, ಚಪ್ಪಾಳೆ ಎದ್ದಿತು. ಅಷ್ಟೂ ಜನ ಎದ್ದುನಿಂತು ತಟ್ಟುತ್ತಿದ್ದರು. ಅವಳ ಹೊಟ್ಟೆ ಉರಿಯಿತು. ಐವತ್ತು ವರ್ಷ ಉರಿದ ಹಾಗೆಯೇ ಉರಿಯಿತು.

ಹೊದ್ದ ಶಾಲಿನ ಮರೆಯಿಂದ ತಗಡಿನ ಡಬ್ಬಿ ತೆಗೆದಳು. ಕುರಿಹೊಳೆಯ ನೀರು. ಮರ್ಯಾದೆ ಮೀರಿ, ಕಲ್ಲಿನ ಕಡೆ ಮುಖ ಕೊಟ್ಟು, ಜೋರಾಗಿ ಕರೆದಳು.

"ಅಣ್ಣಾ, ಮೂರುಗರಿ."

ಕಲ್ಲುಗಳ ಸಂದಿಗೆ ನೀರು ಹೊಯ್ದಳು.

"ತಡ ಆಯ್ತು. ಕುಡಿ."